ಇನ್ನೂರು ಕಿಲೋ ಜಾಸ್ತಿ

"ಇನ್ನೂರು ಕಿಲೋ ಇಂಧನ ಜಾಸ್ತಿ ಹಾಕ್ಸಿ."

ಕ್ಯಾಪ್ಟನ್ ಅವಳೊಡನೆ ಆಡಿದ ಮೊಟ್ಟಮೊದಲ ಮಾತು ಇದು! ನಮಸ್ಕಾರವಿಲ್ಲ, ಒಂದು ನಗುವಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು.

ವಿಮಾನ ಹೊರಡುವ ಮುನ್ನ ದೂರ, ಗಾಳಿ, ಇಂಧನ ಎಲ್ಲ ಲೆಕ್ಕ ಹಾಕಿಕೊಡುವುದು ಅವಳ ಕೆಲಸ. ಕಚೇರಿಯವರು ಇಟ್ಟ ಹೆಸರು ಲೆಕ್ಕದಮ್ಮ. ಕಡಲಾಚೆಯ ನಿಲ್ದಾಣಕ್ಕೆ ಮೂರು ಸಾವಿರದ ನೂರ ಎಂಬತ್ತು ಕಿಲೋಮೀಟರ್. ಹೋಗಲು ನಾಲ್ಕು ಗಂಟೆ ಹನ್ನೆರಡು ನಿಮಿಷ. ಬರುವಾಗ ಎದುರುಗಾಳಿ, ಹಾಗಾಗಿ ನಾಲ್ಕು ಗಂಟೆ ಐವತ್ತು. ಅದರಲ್ಲಿ ಒಂದು ನಿಮಿಷ ಆಚೀಚೆಯಾದರೂ ಅವಳಿಗೆ ಊಟ ಸೇರದು.

"ನನ್ನ ಲೆಕ್ಕ ತಪ್ಪಿದೆಯಾ, ಕ್ಯಾಪ್ಟನ್?"

"ಇಲ್ಲ ಮೇಡಂ. ಆದ್ರೂ ಇರ್ಲಿ."

ಆದ್ರೂ ಇರ್ಲಿ ಅಂತೆ!

ಅಷ್ಟರಲ್ಲಿ ಅವನು ವಿಮಾನಕ್ಕೆ ಹೋಗಿಯಾಗಿತ್ತು. ಹೊಸ ಲೆಕ್ಕದ ಹಾಳೆ ಮುದ್ರಿಸಿ, ವಿಮಾನದ ಮೆಟ್ಟಿಲು ಹತ್ತಿ, ಅವನಿಂದ ಸಹಿ ಹಾಕಿಸಿಕೊಂಡು ಬಂದಳು.

ಆಮೇಲೆ ಎಂಟು ತಿಂಗಳು ಅದೇ ರಾಗ. ಅದೇ ಇನ್ನೂರು ಕಿಲೋ, ಅದೇ ಮೆಟ್ಟಿಲು. ಸಹಿ ಹಾಕುತ್ತ ಅವನು ಮೆಲ್ಲಗೆ ಏನಾದರೂ ಹೇಳುತ್ತಿದ್ದ. ನಡುಗಡಲಿನ ಮೇಲೆ ಮೋಡಗಳು ಹಾಸಿಗೆಯಂತೆ ಹರಡಿರುತ್ತವಂತೆ, ವಿಮಾನದ ನೆರಳು ಅವುಗಳ ಮೇಲೆ ಜೊತೆಜೊತೆಗೇ ಓಡುತ್ತದಂತೆ... ಕೇಳುತ್ತ ಅವಳು ಮೈಮರೆಯುತ್ತಿದ್ದಳು. ಪಾಪ, ಕೋಪ ನೆನಪಾಗುತ್ತಿದ್ದುದು ಮೆಟ್ಟಿಲಿಳಿದ ಮೇಲೆಯೇ!

'ನನ್ನ ಲೆಕ್ಕವನ್ನೇ ನಂಬದವನ ಮೇಲೆ ಮನಸ್ಸಿಟ್ಟು ಏನು ಸುಖ?'

ಅಕ್ಕನ ಮುಂದೆ ಅತ್ತಳು. "ಬಾಯಿ ಬಿಟ್ಟು ಕೇಳೇ, ಹುಚ್ಚಿ" ಎಂದಳು ಅಕ್ಕ. ಕೇಳಲಿಲ್ಲ. ಕಡಲಾಚೆಯ ಕಚೇರಿಗೆ ವರ್ಗ ಕೇಳಿಕೊಂಡಳು. ಅಲ್ಲಿ ಹಾಳೆಗಳೆಲ್ಲ ಕಂಪ್ಯೂಟರಿನಲ್ಲೇ ಹೋಗುತ್ತವೆ, ಯಾವ ಕ್ಯಾಪ್ಟನ್ ಮುಖವನ್ನೂ ನೋಡಬೇಕಿಲ್ಲ.

ಇಂದು ಇಲ್ಲಿ ಅವಳ ಕೊನೆಯ ಲೆಕ್ಕ. ಮುಗಿಸಿ ಅದೇ ವಿಮಾನದಲ್ಲಿ ಹೊರಡಬೇಕು.

ಅವನು ಹಾಳೆ ನೋಡಿದ. ಸಹಿ ಹಾಕಿದ.

ಅವಳು ಹಾಳೆ ತೆಗೆದುಕೊಂಡು ನೋಡಿದಳು. ಇಂಧನದ ಅಂಕಿ ಹಾಗೇ ಇತ್ತು.

"ಇವತ್ತು... ಇನ್ನೂರು ಕಿಲೋ ಬೇಡ್ವಾ?"

"ಬೇಡ."

"ನಾನು ಹೋಗೋ ದಿನ ನನ್ನ ಲೆಕ್ಕದ ಮೇಲೆ ನಂಬಿಕೆ ಬಂತಾ?"

"ಅಯ್ಯೋ, ನಂಬಿಕೆ ಮೊದಲಿಂದ್ಲೂ ಇತ್ತು ಮೇಡಂ! ಜಾಸ್ತಿ ಕೇಳಿದ್ರೆ ತಾನೇ ನೀವು ಹೊಸ ಹಾಳೆ ಹಿಡ್ಕೊಂಡು ವಿಮಾನಕ್ಕೆ ಬರೋದು? ಇನ್ನೈದು ನಿಮಿಷ ನಿಮ್ಮನ್ನ ನೋಡ್ಬಹುದು ಅಂತ... ಇವತ್ತು ಹೇಗೂ ನೀವೇ ಬರ್ತಿದೀರಲ್ಲ."

ಅವಳು ಹಾಳೆಯನ್ನು ಮೇಜಿಗೆ ಕುಕ್ಕಿದಳು.

"ಎಂಟು ತಿಂಗಳು ನನ್ನ ಹೊಟ್ಟೆ ಉರಿಸಿದ್ರಲ್ಲ! ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?"

"ಇನ್ನೂರು ಜನರನ್ನ ಹೊತ್ಕೊಂಡು ಹಾರೋಕೆ ಭಯ ಇಲ್ಲ. ನಿಮ್ಮ ಮುಂದೆ ಮಾತ್ರ ನಾಲಿಗೆ ಏಳಲ್ಲ." ತಲೆ ತಗ್ಗಿಸಿದ. "ನೀವಂದ್ರೆ ನನಗೆ ಪ್ರಾಣ. ಹೋಗ್ಬೇಡಿ ಅನ್ನಲ್ಲ... ಅಲ್ಲಿ ಪ್ರತಿ ಸಲ ನನಗೆ ಒಂದು ದಿನ ವಿಶ್ರಾಂತಿ. ನಿಮ್ಮ ಆಫೀಸಿಗೆ ಬರ್ಲಾ?"

"ಅಷ್ಟು ದೂರ..."

"ನಾಲ್ಕು ಗಂಟೆ ಹನ್ನೆರಡು ನಿಮಿಷ. ನೀವೇ ಹಾಕಿದ ಲೆಕ್ಕ!"

ಅವಳ ಕಣ್ಣು ತುಂಬಿತು, ತುಟಿಯಲ್ಲಿ ನಗು. ಪೆನ್ನು ತೆಗೆದು ಇಂಧನದ ಅಂಕಿಯ ಮೇಲೆ ಗೀಟೆಳೆದಳು. ಪಕ್ಕದಲ್ಲಿ ಇನ್ನೂರು ಸೇರಿಸಿ ಬರೆದಳು.

"ಯಾಕೆ? ಲೆಕ್ಕ ತಪ್ಪಿತ್ತಾ?"

"ಇಲ್ಲ ಕ್ಯಾಪ್ಟನ್. ಆದ್ರೂ ಇರ್ಲಿ... ನೀವು ಹೋಗಿರಿ, ಹೊಸ ಹಾಳೆ ನಾನೇ ತರ್ತೀನಿ."