ತೂತು ಹೊಡೆಯದ ನಂಬರ್ ಪ್ಲೇಟು

"ಲೇ, ನಿಲ್ಸೋ ಗಾಡೀನ!"

ಗೊರಗುಂಟೆಪಾಳ್ಯದ ಕ್ರಾಸಿನಲ್ಲಿ ಅಡ್ಡ ನಿಂತವನು ಶೇಖರಪ್ಪ. ಕದ್ದ ಗಾಡಿಗಳ ವ್ಯಾಪಾರಿ. ಕೈಯಲ್ಲಿ ಸೈಕಲ್ ಚೈನು!

ಅವನ ಶೆಡ್ಡಿನಿಂದಲೇ ಎಗರಿಸಿ ತಂದ ಯೆಜ್ಡಿ ಬೈಕಿನ ಮೇಲೆ ನಾನು ಕೂತಿದ್ದೆ.

ಕಳುವಾದ ಗಾಡಿ ಹುಡುಕಿಕೊಡುವುದು ನನ್ನ ಕಸುಬು, ಸ್ವಾಮಿ. ಈ ಯೆಜ್ಡಿ ರಿಪೇರಿಗೆ ಬಿಟ್ಟಲ್ಲಿಂದ ಮಾಯವಾಗಿತ್ತು. ಮೆಕ್ಯಾನಿಕ್ ವಾಜಿದ್‌ನೇ ಕದ್ದನೆಂದು ಲಾಕಪ್ಪಿಗೆ ತಳ್ಳಿದ್ದರು. ಪಾಪದವನು! ನಾಳೆ ಅವನ ತಂಗಿ ಅಕ್ಬರಿಯ ನಿಕಾಹ್ ಬೇರೆ.

ಗಾಡಿಯ ಯಜಮಾನರು ಆರ್.ಟಿ. ನಗರದ ಸೇತುರಾಮರಾಯರು. ಕಂಪ್ಲೇಂಟ್ ವಾಪಸ್ ಪಡೆಯಲು ಒಪ್ಪಿದ್ದರು. ಆದರೆ...

"ಗಾಡಿಗೆ ಒಂದೇ ಒಂದು ತೂತು ಬಿದ್ದಿರ್ಬಾರ್ದು ಕಣ್ರೀ. ಬಿದ್ದಿದ್ರೆ ಅವನು ಅಲ್ಲೇ ಕೊಳೀಲಿ!"

ಎಂಥ ಮನುಷ್ಯ! ಶೇಖರಪ್ಪನಿಗೆ ನಂಬರು ಬಾಯಿಪಾಠ. ಡುಪ್ಲಿಕೇಟ್ ಪ್ಲೇಟಿಲ್ಲದೆ ಅವನ ಕಣ್ಣು ತಪ್ಪಿಸಿ ದಾಟುವಂತಿಲ್ಲ... ಅದನ್ನು ಕೂರಿಸೋಕೆ ಡ್ರಿಲ್ ಮುಟ್ಟುವಂತಿಲ್ಲ! ಹಲ್ಲು ಕಡಿಯುತ್ತಲೇ ಸೈಕಲ್ ಟ್ಯೂಬು ಸೀಳಿ, ಹಳೇ ಪ್ಲೇಟಿನ ಮೇಲೆ ಹೊಸದನ್ನು ಇಟ್ಟು ಬಿಗಿದು ಕಟ್ಟಿದ್ದೆ. ಮುಂದಿನ ನಂಬರಿಗೆ ಸಗಣಿ ಮೆತ್ತಿದ್ದೆ.

ಶೇಖರಪ್ಪ ಹಿಂದೆ ಬಗ್ಗಿ ನೋಡಿದ. ತಲೆ ಕೆರೆದುಕೊಂಡ.

"ನಮ್ದಲ್ಲ... ಹೋಗು ಗುರು."

ಗೇರ್ ಹಾಕಿದೆ. ಸ್ವಲ್ಪ ಮುಂದಕ್ಕೆ ಹೋಗಿಲ್ಲ, ಒಂದು ಗುಂಡಿ! ಟ್ಯೂಬು ಜಾರಿತು. ಪ್ಲೇಟು ಪಕ್ಕಕ್ಕೆ ನೇತಾಡಿತು.

"ಅಯ್ಯೋ, ನಮ್ದೇ ಕಣ್ರೋ! ಹಿಡೀರೋ!"

ಅವನು ಬೀಸಿ ಎಸೆದ ಚೈನು ಕಿವಿಯ ಪಕ್ಕದಲ್ಲೇ ಸುಯ್ಯೆಂದಿತು. ಹಿಂದೆ ಅವನ ಹುಡುಗರ ಎರಡು ಬೈಕು! ಯಶವಂತಪುರದ ಮಂಡಿಯೊಳಗೆ ನುಗ್ಗಿದೆ. ಈರುಳ್ಳಿ ಮೂಟೆಗಳ ಸಂದಿಯಲ್ಲಿ ನಾನು ತೂರಿಕೊಂಡೆ... ಅವರು ಮೂಟೆಗಳಿಗೇ ಗುದ್ದಿದರು. ಹಮಾಲರು ಅವರನ್ನು ಹಿಡಿದು ಚಚ್ಚತೊಡಗಿದರು.

ಠಾಣೆ ಸೇರಿದೆ. ಅಲ್ಲೇ ಕಾಯುತ್ತಿದ್ದ ರಾಯರು ಮಡ್‌ಗಾರ್ಡು ಸವರಿ ನೋಡಿದರು.

"ಭೇಷ್! ಒಂದು ತೂತೂ ಇಲ್ಲ. ಕಂಪ್ಲೇಂಟ್ ವಾಪಸ್."

ಹೆಡ್ ಕಾನ್‌ಸ್ಟೇಬಲ್ ನರಸಿಂಹಯ್ಯ ಬಗ್ಗಿದ.

"ಏನ್ರೀ ಇದು, ಎರಡು ನಂಬರು?"

"ಒಂದು ಡೂಪ್ಲಿ ಸಾರ್. ಕಳ್ಳರ ಕಣ್ಣಿಗೆ ಮಣ್ಣೆರಚೋಕೆ..."

"ಎರಡು ನಂಬರು ಅಂದ್ರೆ ಎರಡು ಗಾಡಿ. ಇನ್ನೊಂದೆಲ್ಲಿ?"

"ಇನ್ನೊಂದು ಗಾಡೀನೇ ಇಲ್ಲ ಸಾರ್!"

"ಹಂಗಾದ್ರೆ ಅದೂ ಕಳುವಾಗಿದೆ! ಹುಡುಕಿ ತರ್ತೀನಿ ಅಂತ ನೀನು ಜವಾಬ್ದಾರಿ ತಗೊಂಡ್ರೆ ವಾಜಿದ್ ಮನೆಗೆ. ಇಲ್ದಿದ್ರೆ ಒಳಗೇ ಇರ್ಲಿ."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು! ಸರಳುಗಳ ಹಿಂದಿನಿಂದ ವಾಜಿದ್ ನನ್ನನ್ನೇ ನೋಡುತ್ತಿದ್ದ.

"ಆಯ್ತು ಸಾರ್. ತರ್ತೀನಿ."

ಮರುದಿನ ವಾಜಿದ್ ತಂಗಿಯ ಮದುವೆಯಲ್ಲಿ ಬಿರಿಯಾನಿ ಬಡಿಸಿದ. ನಾನು ಮಾತ್ರ, ಸ್ವಾಮಿ... ಫ್ಯಾಕ್ಟರಿಯಲ್ಲಿ ಹುಟ್ಟೇ ಇಲ್ಲದ ಗಾಡಿಯನ್ನು ಇವತ್ತಿಗೂ ಹುಡುಕುತ್ತಿದ್ದೇನೆ!