ಕಿವಿಯ ಮೇಲಿನ ಚುಕ್ಕೆ

ತಲೆಯ ಬಲಗಡೆ, ಕಿವಿಗಿಂತ ಎರಡು ಬೆರಳು ಮೇಲೆ, ಒಂದು ಕಪ್ಪು ಚುಕ್ಕೆ. ಬೇರೆ ಯಾರ ಸ್ಕ್ಯಾನಿನಲ್ಲಿ ಕಂಡಿದ್ದರೂ ಡಾಕ್ಟರಮ್ಮ ಗಲ್ಲಕ್ಕೆ ಕೈಕೊಟ್ಟು ನಿಧಾನವಾಗಿ ಯೋಚಿಸುತ್ತಿದ್ದಳು. ಆದರೆ ಇದು ಅವಳ ಅಮ್ಮನ ತಲೆ.

ಮೂಳೆಯ ಸ್ಕ್ಯಾನ್ ಓದುವುದೇ ಅವಳ ಕೆಲಸ. ರಕ್ತನಾಳಕ್ಕೆ ಒಂದಿಷ್ಟು ವಿಕಿರಣದ ಔಷಧಿ ಚುಚ್ಚಿ, ಮೂರು ಗಂಟೆ ಬಿಟ್ಟು ಕ್ಯಾಮೆರಾದ ಕೆಳಗೆ ಮಲಗಿಸಿದರೆ, ಮೂಳೆಯಲ್ಲಿ ಏನಾದರೂ ನಡೆಯುತ್ತಿರುವ ಕಡೆ ಕಪ್ಪಾಗಿ ಕಾಣುತ್ತದೆ. ತಲೆಬುರುಡೆಯ ಚುಕ್ಕೆ ಕಂಡೊಡನೆ ಬೆದರಬೇಡಿ ಎಂದು ಜೂನಿಯರ್‌ಗಳಿಗೆ ಪಾಠ ಹೇಳುವವಳೂ ಅವಳೇ. ವಯಸ್ಸಾದ ಹೆಂಗಸರಲ್ಲಿ ಹಣೆಯ ಮೂಳೆ ಒಳಗಿನಿಂದ ದಪ್ಪವಾಗುತ್ತದೆ, ಹುಳುಕು ಹಲ್ಲು, ಹಳೆಯ ಪೆಟ್ಟು, ಸೈನಸ್ಸು ಕೂಡ ಹೀಗೇ ಕಾಣುತ್ತವೆ, ಎಲ್ಲವೂ ಕ್ಯಾನ್ಸರಲ್ಲ. ಈಗ ಆ ಪಾಠದ ಒಂದು ಸಾಲೂ ಅವಳ ನೆರವಿಗೆ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಅಮ್ಮನ ಎದೆಯಿಂದ ಗಡ್ಡೆ ತೆಗೆದಿದ್ದರು. ಈಗ ಸೊಂಟ ನೋವೆಂದು ಬಂದಿದ್ದಳು, ತಲೆಯಲ್ಲಿ ಇದು ಸಿಕ್ಕಿತ್ತು.

ಎದ್ದಳು, ಕೂತಳು, ಮತ್ತೆ ಎದ್ದಳು. ನೀರಿನ ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ ಮುಚ್ಚಿದಳು. ತನ್ನವರ ಸ್ಕ್ಯಾನಿಗೆ ತಾನೇ ವರದಿ ಬರೆಯುವಂತಿಲ್ಲ, ಬರೆಯಬೇಕಾದ ದೊಡ್ಡ ಡಾಕ್ಟರು ಮೀಟಿಂಗಿನಲ್ಲಿದ್ದರು. ಕಾಲು ನಿಂತಲ್ಲಿ ನಿಲ್ಲಲಿಲ್ಲ, ಕ್ಯಾಮೆರಾ ಕೋಣೆಯ ಕಡೆ ಹೊರಟಳು. ಅಲ್ಲಿ ಅವನಿದ್ದ ಎಂಬುದು ಒಂದು ಕಾರಣ, ಅದನ್ನು ಬಾಯಿಬಿಟ್ಟು ಹೇಳುವ ಜಾತಿಯವಳಲ್ಲ ಅವಳು.

ಅವನು ಟೆಕ್ನಿಷಿಯನ್. ಪೇಷಂಟುಗಳ ಬಾಯಲ್ಲಿ ಮೆಷಿನ್ ಅಣ್ಣ. ಇಬ್ಬರ ಕೋಣೆಗಳ ನಡುವೆ ಒಂದು ಗಾಜಿನ ಗೋಡೆ. ಮೂರು ವರ್ಷದಿಂದ ಅವನು ನೋಡದವನಂತೆ ನೋಡುತ್ತಿದ್ದ, ಅವಳು ಗೊತ್ತಿಲ್ಲದವಳಂತೆ ನೋಡಿಸಿಕೊಳ್ಳುತ್ತಿದ್ದಳು. ಅವನು ಎರಡು ದಿನ ರಜೆ ಹಾಕಿದರೆ ಇಡೀ ಆಸ್ಪತ್ರೆಯ ಮೇಲೆ ಅವಳಿಗೆ ಸಿಡಿಮಿಡಿ. ಆ ಸಿಟ್ಟಿಗೆ ಜೂನಿಯರ್‌ಗಳು ಬಲಿಯಾಗುತ್ತಿದ್ದರು, ಪಾಪ.

ಇವತ್ತು ಅವನು ತಲೆ ಎತ್ತಲಿಲ್ಲ. ಚುಕ್ಕೆ ನೋಡಿದ್ರಾ ಎಂದು ಅವಳು ಕೇಳಿದರೆ, ಹೂಂ ಎಂದವನೇ ಕಣ್ಣು ತಪ್ಪಿಸಿ, ಈಗ ಬಂದೆ ಎಂದು ಇಂಜೆಕ್ಷನ್ ಕೋಣೆಗೆ ಹೋಗಿಬಿಟ್ಟ. ಸಾವಿರಾರು ಸ್ಕ್ಯಾನ್ ತೆಗೆದವನು, ಇವನಿಗೂ ಅದೇ ಅನ್ನಿಸಿದೆ, ಹೇಳಲು ಬಾಯಿ ಬರುತ್ತಿಲ್ಲ ಎಂದುಕೊಂಡಳು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದಳೋ ಲೆಕ್ಕವಿಲ್ಲ. ಕಾಯುವ ಕೋಣೆಯಲ್ಲಿ ಅಮ್ಮ ಪಕ್ಕದವರ ಮಂಡಿನೋವಿಗೆ ಔಷಧಿ ಹೇಳಿಕೊಡುತ್ತಿದ್ದಳು. ಅತ್ತ ನೋಡುವ ಧೈರ್ಯ ಮಗಳಿಗೆ ಬರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಅವನು ಬಂದು ಎದುರು ನಿಂತ. ಹಣೆಯಲ್ಲಿ ಬೆವರು.

"ಮೇಡಂ, ಅಮ್ಮನ್ನ ಇನ್ನೊಂದ್ಸಲ ಮಲಗಿಸ್ತೀನಿ. ಬೈಯೋದನ್ನ ಆಮೇಲೆ ಬೈಯಿರಿ."

ಮಲಗಿಸಿದ. ಹೊಸ ಗ್ಲೌಸ್ ಹಾಕಿಕೊಂಡು, ಕಿವಿಯ ಮೇಲಿನ ಕೂದಲನ್ನು ಮೆಲ್ಲಗೆ ಎತ್ತಿ ನೆತ್ತಿಯ ಕಡೆ ಸರಿಸಿದ. ಪರದೆಯ ಮೇಲೆ ಆ ಕಪ್ಪು ಚುಕ್ಕೆಯೂ ಎದ್ದು ನೆತ್ತಿಯ ಕಡೆ ಹೋಯಿತು. ಕೆಳಗೆ ಬಿಟ್ಟ. ಚುಕ್ಕೆ ಕೆಳಗಿಳಿಯಿತು. ಮೂಳೆಯಲ್ಲಿರುವುದು ಕೂದಲ ಹಿಂದೆ ಓಡಾಡುವುದಿಲ್ಲ. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ಅಲ್ಲೇ ಅತ್ತಳು.

ತಲೆ ತೊಳೆಸಿ ಮತ್ತೆ ತೆಗೆದಾಗ ಬುರುಡೆ ಶುಭ್ರವಾಗಿತ್ತು. ಮೀಟಿಂಗ್ ಮುಗಿಸಿ ಬಂದ ದೊಡ್ಡ ಡಾಕ್ಟರು ಪೂರಾ ಸ್ಕ್ಯಾನ್ ನೋಡಿ, ಸೊಂಟದ ಕೀಲು ಸವೆದಿದೆ, ಬೇರೇನಿಲ್ಲ ಎಂದರು. ಸೊಂಟ ನೋವೆಂದು ಬಂದವರಿಗೆ ತಲೆಸ್ನಾನ ಮಾಡಿಸಿ ಕಳಿಸುವ ಆಸ್ಪತ್ರೆಯನ್ನು ತಾನೆಲ್ಲೂ ಕಂಡಿಲ್ಲವೆಂದು ಅಮ್ಮ ಟವೆಲ್ ಸುತ್ತಿಕೊಂಡು ಗೊಣಗಿದಳು.

ಅವನು ಮೇಜಿನ ಮೇಲೆ ತಪ್ಪುಗಳ ರಿಜಿಸ್ಟರ್ ಬಿಚ್ಚಿ ಬರೆಯುತ್ತಿದ್ದ. ಇಂಜೆಕ್ಷನ್ ಕೊಟ್ಟಾಗ ಗ್ಲೌಸಿಗೆ ಒಂದು ಹನಿ ಔಷಧಿ ತಾಗಿತ್ತು, ಅದನ್ನು ಬದಲಿಸದೆ ಪೇಷಂಟಿನ ಕೂದಲು ಮುಟ್ಟಿದೆ, ಎಂದು. ಮುಂದಿನ ವಾರ ಚೀಫ್ ಟೆಕ್ನಿಷಿಯನ್ ಯಾರೆಂದು ತೀರ್ಮಾನವಾಗುವುದಿತ್ತು. ಈ ಒಂದು ಪುಟ ಸಾಕಿತ್ತು ಅವನ ಹೆಸರು ಬಿಟ್ಟುಹೋಗಲು. ಯಾರಿಗೂ ಗೊತ್ತಿಲ್ಲ, ಬರೆಯದಿದ್ದರೂ ನಡೆಯುತ್ತದೆ ಎಂದು ಅವಳು ಮೆಲ್ಲಗೆ ಹೇಳಿ ನೋಡಿದಳು.

"ಮುಕ್ಕಾಲು ಗಂಟೆ ನೀವು ಅಮ್ಮನ್ನ ಕಳ್ಕೊಂಡ ಹಾಗೆ ಓಡಾಡಿದ್ರಿ. ನನ್ನಿಂದ. ನಂಗೆ ಮೊದಲೇ ಅನುಮಾನ ಬಂತು, ಆದ್ರೆ ಸುಮ್ನೆ ಆಸೆ ತೋರಿಸಬಾರದು ಅಂತ ಬಿಸಾಕಿದ ಗ್ಲೌಸಿಗೆಲ್ಲ ವಿಕಿರಣದ ಮೀಟರ್ ಹಿಡಿದು ಹುಡುಕ್ತಿದ್ದೆ. ಬರೀದೆ ಹೇಗಿರಲಿ?"

ಇಷ್ಟು ವರ್ಷ ಒಂದು ಹನಿ ಚೆಲ್ಲದವರು ಇವತ್ತು ಯಾಕೆ ಮೈಮರೆತಿರಿ ಎಂದು ಕೇಳಿದಳು.

ಅವನು ಪುಟದಿಂದ ಕಣ್ಣೆತ್ತದೆ ಹೇಳಿದ.

"ಸೂಜಿ ನೋಡಿ ಅಮ್ಮ ಮುಖ ತಿರುಗಿಸಿದ್ರು. ಕೂದಲು ಕಣ್ಮೇಲೆ ಬಿತ್ತು. ಥೇಟ್ ನೀವೇ. ಮೂರು ವರ್ಷದಿಂದ ನಿಮ್ಮ ಕೂದಲು ಹಾಗೇ ಬೀಳೋದನ್ನ ನೋಡ್ತಾನೇ ಇದ್ದೀನಿ. ಕೈ ತಾನಾಗಿ ಹೋಯ್ತು, ಸರಿ ಮಾಡ್ಬಿಟ್ಟೆ." ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದ. "ಇದನ್ನ ಇದ್ರಲ್ಲಿ ಬರೆಯೋಕೆ ಆಗಲ್ಲ. ಸೇಫ್ಟಿ ಆಫೀಸರ್ ನೀವೇ, ಸಹಿ ಹಾಕಿ."

ಅವಳು ಪೆನ್ ತೆಗೆದುಕೊಂಡಳು. ಓದಿದಳು. ಪೆನ್ನನ್ನು ಅಲ್ಲೇ ಇಟ್ಟಳು.

"ನಾನು ಹಾಕಲ್ಲ. ದೊಡ್ಡ ಡಾಕ್ಟರ ಹತ್ರ ಹಾಕಿಸ್ಕೊಳ್ಳಿ."

ಅವನ ಮುಖ ಸಣ್ಣದಾಯಿತು. ಯಾಕೆ ಎಂದು ಕೇಳಿದ.

"ನಮ್ಮವರು ಮಾಡಿದ ತಪ್ಪಿಗೆ ನಾವೇ ಸಹಿ ಹಾಕಬಾರದು."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಕಣ್ಣು ತೆಗೆಯದೆ ಅವನನ್ನೇ ನೋಡುತ್ತ ನಿಂತಿದ್ದಳು.