ಐದು ಸ್ಟಾರಿನ ಮುಖಗಳು

ನನ್ನ ಮುಖ ಸತ್ತವರ ಸಾಲಿನಲ್ಲಿ ನಿಂತಿದ್ದನ್ನು ನಾನು ನೋಡಿದ್ದು ಒಂದು ಸೋಮವಾರ ಬೆಳಗ್ಗೆ, ಸ್ಟುಡಿಯೋ ಷಟರ್ ಎತ್ತಿ, ದೇವರಿಗೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಆನ್ ಮಾಡಿದ ಮೇಲೆ.

ಈ ಸಾಲು ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅದು 2012. ಬಾಗಲಗುಂಟೆಯ ಪಟಾಲಮ್ಮ ಡಿಜಿಟಲ್ ಸ್ಟುಡಿಯೋದಲ್ಲಿ ನಾನು ಮದುವೆ ಆಲ್ಬಮ್ ಡಿಸೈನ್ ಮಾಡುತ್ತಿದ್ದೆ. ಓನರ್ ಆಂಜಿನಪ್ಪನವರು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮನೆಯವರು ಒದ್ದೆ ಕಣ್ಣಿನಲ್ಲೇ ಸ್ಟುಡಿಯೋಗೆ ಬರುತ್ತಾರೆ. ಹಾರ ಹಾಕಲು ಫೋಟೋ ಬೇಕು, ರಸ್ತೆಯಲ್ಲಿ ಕಟ್ಟಲು ಫ್ಲೆಕ್ಸ್ ಬೇಕು. ಅವರ ಹತ್ತಿರ ಇರುವುದೋ, ರೇಷನ್ ಕಾರ್ಡಿನ ಮಸುಕು ಮುಖ. ಆಗ ಆಂಜಿನಪ್ಪನವರು ಯಾರದೋ ಮದುವೆಯ ಫೋಲ್ಡರು, ಯಾರದೋ ನಾಮಕರಣದ ಫೋಲ್ಡರು ತಡಕಾಡಿ ಆ ಮನುಷ್ಯರನ್ನು ಹುಡುಕಿ, ಪಕ್ಕದವರ ಭುಜ ಅಳಿಸಿ, ಹಿಂದೆ ನೀಲಿ ಆಕಾಶ ಹಾಕಿ ಕೊಡುತ್ತಿದ್ದರು. ವರ್ಷದ ತಿಥಿಗೆ ಮತ್ತೆ ಕೇಳಿಕೊಂಡು ಬಂದರೆ ಬೇಗ ಸಿಗಲಿ ಅಂತ ಕಂಪ್ಯೂಟರಿನಲ್ಲಿ ಆ ಫೋಟೋದ ಕೆಳಗೆ ಗುರುತಿಗೆ ಐದು ಸ್ಟಾರ್ ಒತ್ತಿಡುತ್ತಿದ್ದರು. ಬೇಗ ಎಲ್ಲಿ ಸಿಗುತ್ತಿತ್ತು? ಸ್ಟಾರ್ ಒತ್ತಿದ್ದು ಯಾವ ಫೋಲ್ಡರಿನಲ್ಲಿ ಅನ್ನುವುದೇ ಮರೆತುಹೋಗುತ್ತಿತ್ತು.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಎಲ್ಲ ಫೋಲ್ಡರುಗಳಲ್ಲೂ ಐದು ಸ್ಟಾರ್ ಇರುವುದನ್ನು ಮಾತ್ರ ಹುಡುಕಿಸಿ, ಆ ಹುಡುಕಾಟವನ್ನೇ ಸೇವ್ ಮಾಡಿಟ್ಟೆ. ಫೋಟೋಗಳು ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಒಂದು ಕ್ಲಿಕ್ ಮಾಡಿದರೆ ಎಲ್ಲ ಕಂಪ್ಯೂಟರಿನ ಒಂದೇ ಕಿಟಕಿಗೆ ಬಂದು ನಿಲ್ಲುತ್ತವೆ. ಹೊಸದಾಗಿ ಯಾವುದಕ್ಕಾದರೂ ಸ್ಟಾರ್ ಬಿದ್ದರೆ ಅದೂ ತಾನಾಗಿ ಬಂದು ಸೇರಿಕೊಳ್ಳುತ್ತದೆ. ‘ಹೋದವರು’ ಎಂದು ಹೆಸರಿಟ್ಟಿದ್ದೆ. ಆಂಜಿನಪ್ಪನವರು ನೋಡಿ, ಹಂಗನ್ನಬೇಡಮ್ಮ, ‘ನಮ್ಮವರು’ ಅಂತ ಇಡು ಅಂದರು.

ಮೊದಲ ಸಲ ಅದನ್ನು ತೆರೆದು ನೋಡಿದೆ. ಎಲ್ಲರೂ ಕ್ಯಾಮೆರಾ ನೋಡಿದವರೇ. ಅಂದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಎದುರಿನ ಹೂವಿನ ಮಾರಕ್ಕ ಆ ಕಿಟಕಿಯಲ್ಲಿ ಕಾಣಿಸಿಕೊಂಡ ದಿನ ಅವಳಿನ್ನೂ ಬದುಕಿದ್ದಳು. ಕಂಪ್ಯೂಟರಿನಲ್ಲಿ ಹಸಿರು ಸೀರೆಯ ಮಾರಕ್ಕ. ತಲೆಯೆತ್ತಿದರೆ ಅದೇ ಮುಖ ರಸ್ತೆಯಾಚೆ ಸೇವಂತಿಗೆಗೆ ನೀರು ಚಿಮುಕಿಸುತ್ತಿತ್ತು. ಏನೋ ತಪ್ಪಾಗಿರಬೇಕು ಅಂತ ಸುಮ್ಮನಾದೆ. ಅದೇ ವಾರ ಮಾರಕ್ಕ ಮಲಗಿದಲ್ಲೇ ಹೋಗಿಬಿಟ್ಟಳು. ಮಕ್ಕಳು ಫೋಟೋ ಕೇಳಿಕೊಂಡು ಬಂದರೆ, ಅದು ಆಗಲೇ ಸಿದ್ಧವಾಗಿ ನಿಂತಿತ್ತು.

ಅವಳಾದ ಮೇಲೆ, ನಾನು.

ಹುಣಸಮಾರನಹಳ್ಳಿಯಲ್ಲಿ ನಡೆದ ಚಿಕ್ಕಮ್ಮನ ಮಗಳ ಮದುವೆ. ಮಜ್ಜಿಗೆ ಲೋಟ ಹಿಡಿದು ನಗುತ್ತಿದ್ದೇನೆ. ನಮ್ಮ ಸ್ಟುಡಿಯೋದವರೇ ತೆಗೆದದ್ದು, ನಾನು ಕೆಲಸಕ್ಕೆ ಸೇರುವುದಕ್ಕೂ ಮುಂಚಿನ ಫೋಟೋ. ಮಾರನೆಯ ದಿನ ಬೇರೆ ಫೋಲ್ಡರಿನ ಇನ್ನೊಂದು, ಜಡೆಗೆ ಮಲ್ಲಿಗೆ ಮುಡಿಯುತ್ತಿರುವುದು. ಅದರ ಮಾರನೆಯ ದಿನ ಮತ್ತೊಂದು. ಆ ಇಡೀ ಗುಂಪಿನಲ್ಲಿ ಕ್ಯಾಮೆರಾ ನೋಡದವಳು ನಾನೊಬ್ಬಳೇ. ಯಾರೋ ಕರೆದಂತೆ ಬೇರೆಲ್ಲೋ ತಿರುಗಿದ್ದೆ.

ಸ್ಟಾರ್ ಒತ್ತುವ ಆಂಜಿನಪ್ಪನವರು ತಿರುಪತಿಗೆ ಹೋಗಿದ್ದರು. ಮತ್ತೆ ಒತ್ತುತ್ತಿರುವುದು ಯಾರು? ಕೇಳಲು ಭಯವಾಗಿ ಯಾರನ್ನೂ ಕೇಳಲಿಲ್ಲ. ಹೆಸರಘಟ್ಟ ರಸ್ತೆ ದಾಟುವಾಗ ಸೈಕಲ್ಲಿಗೂ ದಾರಿ ಬಿಟ್ಟು ನಿಂತೆ. ಅಮ್ಮನಿಗೆ ಬೇರೆಯದೇ ಚಿಂತೆ. ಭಾನುವಾರ ಗಂಡಿನ ಕಡೆಯವರು ನೋಡೋಕೆ ಬರುತ್ತಾರೆ, ಮುಖ ಸ್ವಲ್ಪ ಸರಿ ಇಟ್ಟುಕೋ ಅಂತ ಹಿಂದಿನ ವಾರದಿಂದಲೂ ದಿನಾ ಸಂಜೆ ಸ್ಟುಡಿಯೋಗೇ ಫೋನ್ ಮಾಡಿ ಗೊಣಗುತ್ತಿದ್ದಳು. ಭಾನುವಾರದವರೆಗೆ ಇರುತ್ತೇನೋ ಇಲ್ಲವೋ, ನನಗದೇ ಗೊತ್ತಿರಲಿಲ್ಲ. ಹೋಗುವುದೇ ಆದರೆ ಏನನ್ನು ಬಿಟ್ಟು ಹೋಗಲು ಕಷ್ಟವಾಗುತ್ತದೆ ಅಂತ ಕೇಳಿಕೊಂಡರೆ, ಮನಸ್ಸು ನಾಚಿಕೆಯಿಲ್ಲದೆ ಭೀಮರಾಜ್ ಅಂದಿತು.

ಭೀಮರಾಜ್ ನಮ್ಮ ಫೋಟೋಗ್ರಾಫರ್, ಚಿಕ್ಕಬಾಣಾವರದವರು. ಸಂಜೆ ಮದುವೆ ಮನೆಯಿಂದ ಬಂದು ಕ್ಯಾಮೆರಾದ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಹೋಗುವುದು ಅವರ ರೂಢಿ. ಮೇಡಂ, ಐದು ನಿಮಿಷ ಸೀಟ್ ಸಿಗುತ್ತಾ ಅನ್ನುತ್ತಿದ್ದರು. ಇದು ಲೇಡೀಸ್ ಸೀಟು ಅನ್ನುತ್ತಿದ್ದೆ. ನಾನು ಬೇಕೆಂದೇ ನಿಧಾನವಾಗಿ ಏಳುವವರೆಗೆ ಅವರು ಮೇಲಿನ ಫ್ಯಾನನ್ನೇ ನೋಡುತ್ತ ನಿಲ್ಲುತ್ತಿದ್ದರು. ಆದರೆ ಬಾಗಿಲ ಗಾಜಿನತ್ತ ನಾನು ಕಣ್ಣು ಹಾಯಿಸಿದರೆ, ಅದರಲ್ಲಿ ಅವರ ಕಣ್ಣು ನನ್ನ ಮೇಲೇ ಇರುತ್ತಿತ್ತು.

ಗುರುವಾರ ಸಂಜೆ ಅವರು ಬಂದಾಗ ಕೇಳುವ ಮೊದಲೇ ಎದ್ದು ನಿಂತೆ. ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ ಎಂದೆ. ಯಾಕೆ ಅಂದರು. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, ಇವರೆಲ್ಲ ಸತ್ತವರು, ನಡುವೆ ಇರುವವಳು ನಾನು ಎಂದೆ.

ಅವರು ಬಹಳ ಹೊತ್ತು ನೋಡಿದರು. ಕಿವಿ ಕೆಂಪಾಯಿತು.

“ಇದು ಎಲ್ಲಾ ಫೋಲ್ಡರಿಂದೂ ಒಂದೇ ಕಡೆ ತೋರ್ಸುತ್ತಾ?”

ಹೂಂ ಅಂದೆ.

“ನಾನು ಒಂದೊಂದು ಫೋಲ್ಡರಲ್ಲಿ ಒಂದೊಂದು ಬಚ್ಚಿಟ್ಟಿದ್ದೆ ಕಣ್ರೀ.”

ಆಮೇಲೆ ತಡವರಿಸುತ್ತ ಎಲ್ಲ ಹೇಳಿದರು. ಸ್ಟಾರು ಸತ್ತವರಿಗೆ ಮಾತ್ರ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕಳೆದುಹೋಗಬಾರದು ಅನ್ನಿಸಿದ ಮುಖಕ್ಕೆ ಅವರೂ ಐದು ಒತ್ತುತ್ತಿದ್ದರು. ಮಾರಕ್ಕ ಹಬ್ಬದ ದಿನ ಹೊಸ ಸೀರೆ ಉಟ್ಟು ಬಂದು ತಾನಾಗಿಯೇ ಫೋಟೋ ತೆಗೆಸಿಕೊಂಡಿದ್ದಳಂತೆ. “ನಾನ್ ಓದ್ಮ್ಯಾಕೆ ಈ ಮುಖಾನೇ ಆಕ್ಸಪ್ಪ, ಆ ರೇಷನ್ ಕಾರ್ಡಿಂದು ಬ್ಯಾಡ” ಅಂದಿದ್ದಳಂತೆ.

ಸರಿ, ನನ್ನದು ಯಾಕೆ, ಅದೂ ಈ ವಾರವೇ ಯಾಕೆ ಎಂದು ಕೇಳಿದೆ.

“ನಿಮ್ಮಮ್ಮನ ಫೋನು ಕೇಳಿಸ್ತು. ಭಾನುವಾರ ಬರ್ತಾರಂತಲ್ಲ. ನೀವು ಹೊರಟೋದ್ರೆ ನನಗೆ ಇಷ್ಟಾದ್ರೂ ಇರಲಿ ಅಂತ.”

ಭಯ ಇಳಿಯಿತು. ಅದಿದ್ದ ಜಾಗದಲ್ಲಿ ಬೇರೇನೋ ಬಂದು ಕೂತಿತು. ಆದರೂ ಬಿಗಿಯಾಗಿಯೇ, ನಿಮ್ಮ ಕೈಯಿಂದಲೇ ತೆಗೆಯಿರಿ ಎಂದೆ.

ಅವರು ಒಂದೊಂದೇ ಸ್ಟಾರ್ ಅಳಿಸಿದರು. ನನ್ನ ಮುಖ ಮಾಯವಾದಾಗಲೆಲ್ಲ ಉಳಿದವರು ಬಸ್ಸಿನ ಸೀಟಿನಲ್ಲಿ ಸರಿದು ಕೂರುವ ಹಾಗೆ ಸರಿದು ಆ ಜಾಗ ತುಂಬುತ್ತಿದ್ದರು. ಎಷ್ಟು ಸಲೀಸಾಗಿ ತುಂಬುತ್ತಿದ್ದರೆಂದರೆ, ನಾನು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ. ಕೊನೆಯ ಮಜ್ಜಿಗೆ ಲೋಟದ ಮೇಲೆ ಅವರ ಬೆರಳು ನಿಂತಿತು. ನಾನು ಅವಸರ ಮಾಡಲಿಲ್ಲ. ಅದೂ ಹೋಯಿತು. ಅವರು ಮಸಣದಿಂದ ಬಂದವರ ಹಾಗೆ ಕೈ ಕಟ್ಟಿ ಕೂತರು.

“ನಿಮ್ಮ ಫೋಟೋನೂ ಹುಡುಕಿದೀನಿ,” ಎಂದೆ.

ನಿಜವಾಗಿಯೂ ಹುಡುಕಿದ್ದೆ. ಭಯ ಹೆಚ್ಚಾದ ದಿನ ಅವರ ಮುಖವನ್ನೊಮ್ಮೆ ಕಣ್ತುಂಬ ನೋಡಬೇಕೆನ್ನಿಸಿ, ಇದ್ದಬದ್ದ ಫೋಲ್ಡರನ್ನೆಲ್ಲ ಜಾಲಾಡಿದ್ದೆ. ಅಷ್ಟು ಸಾವಿರ ಮುಖಗಳಲ್ಲಿ ಅವರದೊಂದೂ ಇರಲಿಲ್ಲ. ಒಂದೇ ಒಂದು ಕಡೆ, ಮದುಮಗಳ ಹಿಂದಿನ ಕನ್ನಡಿಯಲ್ಲಿ ಅವರ ಅಂಗಿ ಕಾಣುತ್ತಿತ್ತು. ಮುಖ ಇರಬೇಕಾದ ಜಾಗದಲ್ಲಿ ಫ್ಲಾಶಿನ ಬಿಳಿ ಬೆಳಕು.

“ನಾಳೆ ನಿಮಗೇನಾದ್ರೂ ಆದ್ರೆ, ನಾನು ಯಾವ ಮುಖ ನೋಡ್ಕೊಂಡು ಅಳ್ಲಿ?”

ಅವರು ತಲೆಯೆತ್ತಿದರು. ನಾನೇ ಅವರ ಕತ್ತಿನಿಂದ ಕ್ಯಾಮೆರಾ ಬಿಡಿಸಿಕೊಂಡು, ಪಾಸ್‌ಪೋರ್ಟ್ ಫೋಟೋದ ಸ್ಟೂಲಿನ ಮೇಲೆ ಅವರನ್ನು ಕೂರಿಸಿದೆ. ಇಡೀ ಬಾಗಲಗುಂಟೆಗೆ ಗಲ್ಲ ಮೇಲೆ, ಕಣ್ಣು ಇಲ್ಲಿ ಅಂತ ಹೇಳುವ ಮನುಷ್ಯನಿಗೆ ತನ್ನ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕ್ಯಾಮೆರಾದೊಳಗಿಂದ ನೋಡಿದೆ. ಮೊದಲ ಸಲ ಅವರ ಕಣ್ಣು ಫ್ಯಾನಿನ ಮೇಲಿರಲಿಲ್ಲ, ಗಾಜಿನಲ್ಲಿರಲಿಲ್ಲ. ನೇರವಾಗಿ ನನ್ನಲ್ಲಿತ್ತು. ಒತ್ತಿದೆ.

ಫೋಟೋ ಕಂಪ್ಯೂಟರಿಗೆ ಬಂತು. ನನ್ನ ಹಿಂದೆ ಬಂದು ನಿಂತು, ಎಷ್ಟು ಸ್ಟಾರ್ ಕೊಡ್ತೀರ ಅಂತ ಮೆಲ್ಲಗೆ ಕೇಳಿದರು.

“ಒಂದೂ ಇಲ್ಲ. ಭಾನುವಾರ ಅವರು ಬರೋಕೆ ಮುಂಚೆ ನಿಮ್ಮಮ್ಮನ್ನ ಕರ್ಕೊಂಡು ನಮ್ಮನೆಗೆ ಬನ್ನಿ. ಸ್ಟಾರ್ ವಿಷಯ ನಾನು ಮುದುಕಿ ಆದ್ಮೇಲೆ ಮಾತಾಡೋಣ.”